ಎಡವಾಲು, ಬಲವಾಲು

ಕಲ್ಲು ಕರಗುವ ಹೊತ್ತಿನಲ್ಲಿ ಪಕ್ಕದ ಕೋಣೆಯಿಂದ ಸಣ್ಣಗೆ ಒಂದು ಹೆಣ್ಣುದನಿ ಕೇಳಿಸಿತು. "ಚುಕ್ಕಿ" ಎಂದಿತು ಅದು. ಸ್ವಲ್ಪ ತಡೆದು, "ಖಾಲಿ. ಖಾಲಿ. ಚುಕ್ಕಿ" ಎಂದಿತು.

ಸೊಸೆಗೆ ಎಚ್ಚರವಾಯಿತು. ನಿದ್ದೆಯ ಮಂಪರಿನಲ್ಲಿ ದನಿ ಯಾರೋ ಗುರುತಿನವರದು ಅನ್ನಿಸಿತೇ ಹೊರತು ಯಾರದೆಂದು ಹೊಳೆಯಲಿಲ್ಲ. ಹೊಳೆದಾಗ ಮೈ ಜುಮ್ಮೆಂದಿತು. ಅದು ಅವಳದೇ ದನಿ. ಅವಳು ಇಲ್ಲಿ ಬಾಯಿ ಮುಚ್ಚಿ ಮಲಗಿರುವಾಗ ಅವಳ ದನಿ ಮಾವನ ಕೋಣೆಯಲ್ಲಿ ಎದ್ದು ಕೂತು ಮಾತಾಡುತ್ತಿತ್ತು.

ಇದರಲ್ಲಿ ಮಾಟಮಂತ್ರವೇನೂ ಇರಲಿಲ್ಲ. ಕಣ್ಣು ಕಾಣದವರಿಗೆ ಕಂಪ್ಯೂಟರನ್ನು ಓದಿ ಹೇಳುವ ಯಂತ್ರ ತಯಾರಿಸುವ ಕಚೇರಿಯಲ್ಲಿ ದನಿ ಕೊಡುವುದೇ ಅವಳ ಕೆಲಸ. ಯಾವ ಕೀ ಒತ್ತಿದರೂ ಯಂತ್ರ ಅವಳ ದನಿಯಲ್ಲಿ ಅದರ ಹೆಸರು ಹೇಳುತ್ತದೆ. ಮಾರಾಟಕ್ಕೆ ಹೋಗುವ ಮೊದಲು ಯಾರಾದರೂ ಬಳಸಿ ನೋಡಲಿ ಎಂದು ಒಂದನ್ನು ಮನೆಗೆ ತಂದು ಮಾವನಿಗೆ ಕೊಟ್ಟಿದ್ದಳು. ಮಾವ ಕಣ್ಣು ಪೂರ್ತಿ ಮಂಜಾಗುವವರೆಗೆ ಟೈಪಿಂಗ್ ಶಾಲೆ ನಡೆಸಿದವರು. ಕಣ್ಣು ಹೋದರೂ ಬೆರಳು ಹೋಗಿರಲಿಲ್ಲ. ಅವರಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಮನೆ ಸದ್ದಿಲ್ಲದಿರುವಾಗ ಟೈಪ್ ಮಾಡುತ್ತಿದ್ದರು. ಅದರಲ್ಲಿ ಹೆದರುವಂಥದ್ದೇನೂ ಇಲ್ಲ.

ಆದರೆ ಅವಳು ಕಿವಿಗೊಟ್ಟು ಕೇಳಿದಳು. ಕೇಳಿದಷ್ಟೂ ತಲೆ ಕೆಟ್ಟಿತು. ಅಕ್ಷರ ಅನ್ನುವುದು ಒಂದೂ ಬರುತ್ತಿರಲಿಲ್ಲ. ಅಆಇಈ ಇಲ್ಲ, ಒಂದು ಪದವಿಲ್ಲ. "ಕಂಬ. ಖಾಲಿ. ಖಾಲಿ. ಜಾಲರಿ. ಜಾಲರಿ. ಖಾಲಿ. ಕಂಬ." ಬರೀ ಚಿಹ್ನೆಗಳ ಹೆಸರು, ನಡುನಡುವೆ ಖಾಲಿ ಜಾಗ. ಊಟಕ್ಕೆ ಕರೆದು ಬರೀ ಉಪ್ಪು, ಹುಳಿ, ಖಾರ ಬಡಿಸಿದ ಹಾಗೆ.

ಅಷ್ಟರಲ್ಲಿ ಮಾವನ ದನಿ ಕೇಳಿಸಿತು. "ಅಲ್ಲಮ್ಮ, ಅದು ಹಾಗಲ್ಲ. ಸರಿಯಾಗಿ ನೋಡಿ ಹೇಳು."

"ಎಡವಾಲು" ಎಂದಿತು ಯಂತ್ರ.

"ಮತ್ತೆ ಅದನ್ನೇ ಹೇಳ್ತೀಯಲ್ಲ."

"ಎಡವಾಲು."

ಆಮೇಲೆ ಮಾವ ಮೆತ್ತಗೆ ಅಂದರು: "ಸರಿ ಬಿಡು. ನೀನು ಹೇಳಿದ್ದೇ ಇರಬೇಕು. ನನಗೇ ಮರುಳು."

ಅವಳು ಗಂಡನ ತೋಳು ಅಲುಗಾಡಿಸಿದಳು. "ರೀ, ಮಾವ ಒಬ್ಬರೇ ಮಾತಾಡ್ತಿದ್ದಾರೆ."

"ಯಾರ ಜೊತೆ?"

"ನನ್ನ ಜೊತೆ."

ಗಂಡ ಒಂದು ಕಣ್ಣು ತೆರೆದು ಅವಳನ್ನು ನೋಡಿದ. "ನೀನು ಇಲ್ಲೇ ಇದೀಯಲ್ಲೇ" ಎಂದು ಹೇಳಿ, ಆ ಕಣ್ಣನ್ನೂ ಮುಚ್ಚಿಕೊಂಡ.

*

ಗಂಡನ ಅಕ್ಕನನ್ನು ಮನೆಯಲ್ಲಿ ಹಿಂದುಗಡೆ ಹೆಡ್‌ಮಿಸ್ ಎಂದೂ, ಎದುರಿಗೆ ಗಂಡ ಅಕ್ಕ ಎಂದೂ, ಸೊಸೆ ಅತ್ತಿಗೆ ಎಂದೂ ಕರೆಯುತ್ತಿದ್ದರು. ಅವರು ಒಳ್ಳೆಯವರು. ಆದರೆ ಒಳ್ಳೆಯದನ್ನು ಮಾಡಿಯೇ ತೀರುವ ಜಾತಿ. ತಾಯಿ ತೀರಿಕೊಂಡ ಮೇಲೆ ಅಪ್ಪನನ್ನು ತಮ್ಮ ಮನೆಗೆ ಕರೆದೊಯ್ಯಬೇಕೆಂದು ಆಗಲೇ ಹಟ ಹಿಡಿದಿದ್ದರು. ಅವರ ಮನೆ ಊರಿನ ಇನ್ನೊಂದು ತುದಿಯಲ್ಲಿ, ಮೇಲಿನ ಮಹಡಿಯಲ್ಲಿ. ನೋಡಿಕೊಳ್ಳಲು ನರ್ಸ್ ಇಡುತ್ತೇನೆ ಎಂದಿದ್ದರು. "ನನ್ನ ಮೆಟ್ಟಿಲು ನನಗೆ ಗೊತ್ತು, ನನ್ನ ಗೋಡೆ ನನಗೆ ಗೊತ್ತು. ಅಲ್ಲಿಗೆ ಬಂದರೆ ನಿಜವಾಗ್ಲೂ ಕುರುಡ ಆಗ್ತೀನಿ" ಎಂದು ಮಾವ ಒಪ್ಪಿರಲಿಲ್ಲ.

ಆ ವಾರ ಅತ್ತಿಗೆ ಬಂದವರು ಅಪ್ಪನ ಪಕ್ಕ ಕೂತು ಕೇಳಿದರು: "ರಾತ್ರಿಯೆಲ್ಲ ನಿದ್ದೆಗೆಟ್ಟು ಏನಪ್ಪ ಮಾಡ್ತೀಯ?"

"ಮನೆ ಕಟ್ತಾ ಇದೀನಿ."

"ಏನು?"

"ಮನೆ ಕಣೇ. ಗೋಡೆ, ಕಿಟಕಿ ಎಲ್ಲ ಆಯ್ತು. ಛಾವಣಿ ಮಾತ್ರ ಕೈಗೆ ಹತ್ತುತಾ ಇಲ್ಲ. ಒಂದು ಸಲ ಸರಿ ಅನ್ಸುತ್ತೆ, ಒಂದು ಸಲ ತಲೆಕೆಳಗು ಅನ್ಸುತ್ತೆ."

ಅತ್ತಿಗೆ ನಿಧಾನವಾಗಿ ಎದ್ದು ಅಡಿಗೆಮನೆಗೆ ಬಂದು ನಲ್ಲಿ ತಿರುಗಿಸಿದರು, ಮಾತು ಹೊರಗೆ ಕೇಳಬಾರದೆಂದು. "ಅರಳುಮರಳು" ಎಂದರು. "ನೀನು ದಿನಾ ನೋಡ್ತೀಯ, ನಿನಗೇ ಗೊತ್ತಿರಬೇಕು. ಹೇಳು."

ಸೊಸೆ ಮಾತನ್ನು ತೂಗಿ ಆಡುವವಳು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದವಳಲ್ಲ, ಗೊತ್ತಿದ್ದುದನ್ನು ಗೊತ್ತಿಲ್ಲ ಎಂದವಳೂ ಅಲ್ಲ. ಆದರೆ ಈಗ ಗೊತ್ತಿದೆಯೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. "ಊಟ ತಿಂಡಿ ಎಲ್ಲ ಸರಿಯಾಗಿದೆ ಅತ್ತಿಗೆ. ಮಾತೂ ಸರಿಯಾಗಿದೆ. ರಾತ್ರಿ ಮಾತ್ರ..." ಎಂದು ನಿಲ್ಲಿಸಿದಳು.

"ರಾತ್ರಿ ಮಾತ್ರ?"

"ರಾತ್ರಿ ಮಾತ್ರ ಯಂತ್ರದ ಜೊತೆ ಜಗಳ."

ಹೇಳಬಾರದಿತ್ತು ಎಂದು ಅವಳಿಗೆ ಹೇಳುತ್ತಿರುವಾಗಲೇ ಅನ್ನಿಸಿತು. ಅತ್ತಿಗೆ ನಲ್ಲಿ ನಿಲ್ಲಿಸಿದರು. "ಬರೋ ಭಾನುವಾರ ಕರ್ಕೊಂಡು ಹೋಗ್ತೀನಿ. ಆ ಯಂತ್ರ ಇಲ್ಲೇ ಇರ್ಲಿ. ತಲೆ ಕೆಡಿಸಿದ್ದೇ ಅದು."

ಅವಳು ಬೆಚ್ಚಿದ್ದು ಅದಕ್ಕಲ್ಲ. ಆ ಸಂಜೆ ಕಾಫಿ ಕೊಡುವಾಗ ಮಾವ ತಾವಾಗಿಯೇ, "ಅವಳು ಹೇಳಿದ ಹಾಗೆ ಹೋಗಿಬಿಡ್ತೀನಮ್ಮ" ಎಂದದ್ದಕ್ಕೆ. "ಬೆರಳು ಒಂದು ಹೇಳುತ್ತೆ, ಕಿವಿ ಒಂದು ಹೇಳುತ್ತೆ. ನನ್ನ ತಲೆ ಮೇಲೆ ನನಗೇ ನಂಬಿಕೆ ಹೋಯ್ತು. ಇನ್ನು ನಿಮಗೆ ಯಾಕೆ ಹೊರೆ."

*

ಮಾವ ಟೈಪ್ ಮಾಡಿದ್ದೇನೆಂದು ನೋಡಿಬಿಡಬೇಕು ಅನ್ನಿಸಿತು. ಅವರು ಸ್ನಾನಕ್ಕೆ ಹೋಗಿದ್ದಾಗ ಕಂಪ್ಯೂಟರ್ ತೆರೆದು, ಗಂಡನ ಪ್ರಿಂಟರಿನಲ್ಲಿ ಒಂದು ಹಾಳೆ ಹೊರಡಿಸಿದಳು. ಕದ್ದು ನೋಡಿದ ತಪ್ಪಿಗೆ ತಕ್ಕ ಶಾಸ್ತಿಯಾಯಿತು. ಹಾಳೆಯ ತುಂಬ ಚುಕ್ಕಿ, ಗೆರೆ, ನಕ್ಷತ್ರ, ಜಾಲರಿ. ಒಂದು ಸಾಲು ಉದ್ದ, ಒಂದು ಸಾಲು ಮೊಟಕು, ಒಂದು ಎಡಕ್ಕೆ ನುಗ್ಗಿದೆ, ಒಂದು ಬಲಕ್ಕೆ ಓಡಿದೆ. ಇರುವೆಗೂಡಿಗೆ ಯಾರೋ ಕೋಲು ಹಾಕಿದ ಹಾಗೆ. ಹಾಳೆಯನ್ನು ತಿರುಗಿಸಿ ನೋಡಿದಳು, ಅಡ್ಡ ಹಿಡಿದು ನೋಡಿದಳು, ಕನ್ನಡಕವಿಲ್ಲದವರ ಹಾಗೆ ದೂರ ಹಿಡಿದೂ ನೋಡಿದಳು. ಎತ್ತ ಹಿಡಿದರೂ ಅದು ಮನೆಯಲ್ಲ. ಅತ್ತಿಗೆ ಹೇಳಿದ ಪದವೇ ನೆನಪಿಗೆ ಬಂತು. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು, ಹರಿಯಲು ಮನಸ್ಸಾಗಲಿಲ್ಲ.

ಅವಳ ಕಚೇರಿಯಲ್ಲೂ ಆ ದಿನಗಳಲ್ಲಿ ತಲೆ ನೆಟ್ಟಗಿದ್ದವರು ಕಡಿಮೆ. ಚಿಹ್ನೆಗಳಿಗೆ ಹೆಸರಿಡುವ ಕೆಲಸ ಅವರನ್ನೆಲ್ಲ ಹಣ್ಣು ಮಾಡಿತ್ತು. ಅಕ್ಷರಗಳಿಗೇನು, ಹುಟ್ಟುವಾಗಲೇ ಹೆಸರು ಕಟ್ಟಿಕೊಂಡು ಬಂದಿವೆ. ಚಿಹ್ನೆಗಳು ಹಾಗಲ್ಲ. ಕರೆಯುವ ಬಾಯಿಗೊಂದು ಹೆಸರು, ಕೂತ ಜಾಗಕ್ಕೊಂದು ಕೆಲಸ. ನಿಘಂಟು ಎಂದೇ ಎಲ್ಲರೂ ಕರೆಯುವ ಭಾಷೆಯ ಮೇಷ್ಟ್ರು ಒಂದು ಕಡೆ, ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಎಂಜಿನಿಯರ್ ಇನ್ನೊಂದು ಕಡೆ, ನಡುವೆ ಮೈಕಿನ ಮುಂದೆ ಅವಳು.

"ಚುಕ್ಕಿಯನ್ನ ಚುಕ್ಕಿ ಅಂತ ಕರೆಯೋದು ಅವಮಾನ" ಎಂದಿದ್ದರು ಮೇಷ್ಟ್ರು. "ವಾಕ್ಯದ ಕೊನೆಯಲ್ಲಿ ಅದು ಪೂರ್ಣವಿರಾಮ. ಸಂಖ್ಯೆಯ ನಡುವೆ ದಶಮಾಂಶ. ಮೂರು ಸೇರಿದರೆ ಹೇಳೋಕಾಗದೆ ಉಳಿದ ಮಾತು."

"ವಾಕ್ಯ ಎಲ್ಲಿ ಮುಗೀತು ಅಂತ ಯಂತ್ರಕ್ಕೆ ಗೊತ್ತಾಗಲ್ಲ ಸಾರ್."

"ಹಾಗಾದ್ರೆ ನಿಮ್ಮ ಯಂತ್ರಕ್ಕೂ ನಮ್ಮ ಡೈರೆಕ್ಟರ್ ಸಾಹೇಬರಿಗೂ ಏನ್ರೀ ವ್ಯತ್ಯಾಸ?"

ನಕ್ಷತ್ರದ್ದೂ ಅದೇ ಪಾಡು. ಪುಸ್ತಕದಲ್ಲಿ ಅದು ಅಡಿಟಿಪ್ಪಣಿಗೆ ಕೈತೋರುತ್ತದೆ, ಲೆಕ್ಕದಲ್ಲಿ ಗುಣಿಸುತ್ತದೆ, ಬೈಗುಳದ ಮಧ್ಯೆ ಬಂದರೆ ಮಾನ ಮುಚ್ಚುತ್ತದೆ. ಮನೆಯಲ್ಲಿ ಮಾವನನ್ನು ಕೇಳಿದರೆ, "ನಮ್ಮ ಶಾಲೆಯಲ್ಲಿ ಅದು ನೊಣ" ಎಂದಿದ್ದರು. ಮಿಂಚಂಚೆ ವಿಳಾಸದ @ ಸುರುಳಿಗೆ ಮೇಷ್ಟ್ರು ಒಂದು ವಾರ ಯೋಚಿಸಿ 'ಸುತ್ತುಬಾಲ' ಎಂದಿಟ್ಟರು. ನೀರು ಕುಡಿಯುತ್ತಿದ್ದ ಎಂಜಿನಿಯರ್ ನಕ್ಕು ಕೆಮ್ಮಿದ.

ಕೊನೆಗೆ ಉಳಿದವು ಎರಡು ಓರೆ ಗೆರೆಗಳು. ಒಂದು ಹೀಗೆ / ಇರುವುದು, ಇನ್ನೊಂದು ಹೀಗೆ \ ಇರುವುದು. ಮೇಷ್ಟ್ರು ಆ ದಿನ ಉತ್ಸಾಹದಲ್ಲಿದ್ದರು. "ತಲೆ ಎತ್ತ ಹೋಗಿದೆಯೋ ಅತ್ತ ವಾಲಿದೆ ಅಂತ ಲೆಕ್ಕ. ಕುಡುಕನನ್ನ ನೋಡಿ ಹೇಳಲ್ವೇ, ಹಾಗೆ. ಮೊದಲನೆಯದು ಬಲವಾಲು, ಎರಡನೆಯದು ಎಡವಾಲು." ಉಳಿದ ಚಿಹ್ನೆಗಳನ್ನೆಲ್ಲ ದಪ್ಪ ರಟ್ಟಿನ ಮೇಲೆ ಬರೆದು, ಗಾಜಿನಾಚೆಯಿಂದ ಎಂಜಿನಿಯರ್ ಒಂದೊಂದನ್ನೇ ಎತ್ತಿ ಹಿಡಿಯುತ್ತಿದ್ದ, ಇವಳು ಸದ್ದು ನುಸುಳದ ಕೋಣೆಯಲ್ಲಿ ಕೂತು ಅದನ್ನು ನೋಡಿ ಹೆಸರು ಹೇಳುತ್ತಿದ್ದಳು. ಆ ಎರಡಕ್ಕೆ ರಟ್ಟು ಮುಗಿದು, ತೆಳ್ಳನೆಯ ಹಾಳೆಯಲ್ಲಿ ಬರೆದು ಹಿಡಿದಿದ್ದ. ಅವಳು ನೋಡಿದ್ದಳು, ಹೇಳಿದ್ದಳು. ಎಲ್ಲರೂ ಕಾಫಿಗೆ ಎದ್ದಿದ್ದರು.

*

ಶನಿವಾರ ಮಧ್ಯಾಹ್ನ ಅವಳು ಮಡಿಸಿದ ಹಾಳೆಯನ್ನು ಎಂಜಿನಿಯರನ ಮುಂದಿಟ್ಟಳು. ಮಾವನ ಹೆಸರು ಹೇಳಲಿಲ್ಲ. "ನಮ್ಮ ಯಂತ್ರ ಬಳಸೋ ಒಬ್ಬರು ಟೈಪ್ ಮಾಡಿದ್ದು. ಇದು ಏನಾದರೂ ಇರಬಹುದಾ, ಅಥವಾ ಏನೂ ಅಲ್ವಾ, ಸ್ವಲ್ಪ ನೋಡ್ತೀರಾ?"

ಅವನು ಹಾಳೆಯನ್ನು ನೋಡಿ ಕೆನ್ನೆ ಕೆರೆದುಕೊಂಡ. "ಯಾರು ಮೇಡಂ, ಟೈಪ್‌ರೈಟರ್ ಕಾಲದವರಾ?"

"ಹೌದು."

"ಹಾಗಾದ್ರೆ ಹಾಳೆ ಬೇಡ, ಫೈಲ್ ಕೊಡಿ. ಟೈಪ್‌ರೈಟರಲ್ಲಿ ಚುಕ್ಕಿಗೂ ಅಷ್ಟೇ ಜಾಗ, ಜಾಲರಿಗೂ ಅಷ್ಟೇ ಜಾಗ. ಮನೆ ಕಂಪ್ಯೂಟರಲ್ಲಿ ಹಾಗಿಲ್ಲ, ಸಣ್ಣದು ಸಣ್ಣ ಜಾಗ, ದೊಡ್ಡದು ದೊಡ್ಡ ಜಾಗ. ಸಾಲೆಲ್ಲ ಓಡಿಹೋಗುತ್ತೆ. ನಾವು ಪ್ರೋಗ್ರಾಂ ಬರೆಯೋ ಕಿಟಕೀಲಿ ಎಲ್ಲಕ್ಕೂ ಒಂದೇ ಅಗಲ."

ಅವಳು ಫೈಲನ್ನೂ ಹಾಕಿ ತಂದಿದ್ದ ಕಡ್ಡಿಯಷ್ಟಿನ ಪೆನ್‌ಡ್ರೈವ್ ಕೊಟ್ಟಳು. ಅವನು ಫೈಲನ್ನು ತನ್ನ ಕಿಟಕಿಯಲ್ಲಿ ತೆರೆದ. ಇರುವೆಗಳೆಲ್ಲ ಸಾಲಿಗೆ ಬಂದವು.

ಮನೆಯೇ. ಕಂಬಗೆರೆಗಳ ಗೋಡೆ. # ಎಂಬ ಜಾಲರಿ ಚಿಹ್ನೆಗಳನ್ನು ಒತ್ತೊತ್ತಾಗಿ ಜೋಡಿಸಿದ ಕಿಟಕಿ. ಸಮಚಿಹ್ನೆಗಳ ಮೆಟ್ಟಿಲು. ಬಾಗಿಲಿಗೆ ಎರಡು ಚುಕ್ಕಿಯ ತಿರುಗಣಿ, ಅಂಗಳದಲ್ಲಿ ನೊಣ ಅನ್ನಿ ನಕ್ಷತ್ರ ಅನ್ನಿ, ಅವುಗಳ ಹೂಗಿಡ. ಹೊಗೆಗೂಡಿನಿಂದ ಅಲೆಗೆರೆಗಳು ತೆಳ್ಳಗೆ ಮೇಲೇರುತ್ತಿದ್ದವು. ಕಿಟಕಿಯೊಳಗೆ ಒಂದೇ ಒಂದು ಅಲ್ಪವಿರಾಮ ದೀಪದ ಕುಡಿಯ ಹಾಗೆ ನಿಂತಿತ್ತು. ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳಲು ಮಾತ್ರ ಅದು ಬರುತ್ತದೆ ಎಂದುಕೊಂಡಿದ್ದಳು ಅವಳು.

"ಭಲೆ" ಎಂದ ಎಂಜಿನಿಯರ್. "ಕಣ್ಣು ಕಾಣದೆ ಇದನ್ನ ಕಟ್ಟಿದ್ದಾರಾ? ಛಾವಣಿ ಮಾತ್ರ ಯಾಕೆ ಹೀಗೆ?"

ಛಾವಣಿ ಗೋಡೆಗಳ ಮೇಲೆ ಲಾಳಿಕೆಯ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ಎಡಕ್ಕೆ ಇರಬೇಕಾದ ಇಳಿಜಾರು ಬಲಕ್ಕೆ, ಬಲಕ್ಕೆ ಇರಬೇಕಾದದ್ದು ಎಡಕ್ಕೆ. ಮಳೆ ಬಂದರೆ ಒಂದು ಹನಿಯೂ ಹೊರಗೆ ಹೋಗುವಂತಿರಲಿಲ್ಲ.

ಒಂದು ಸಲ ಸರಿ ಅನ್ಸುತ್ತೆ, ಒಂದು ಸಲ ತಲೆಕೆಳಗು ಅನ್ಸುತ್ತೆ.

ಅವಳು ಪಕ್ಕದ ಮೇಜಿನ ಯಂತ್ರದಲ್ಲಿ ಕೀಲಿಮಣೆಯ ಕೆಳಸಾಲಿನ ಬಲತುದಿಯ ಕೀ ಒತ್ತಿದಳು. ಪರದೆಯ ಮೇಲೆ / ಬಂತು. "ಎಡವಾಲು" ಎಂದಿತು ಅವಳ ದನಿ, ಯಾವ ಅಳುಕೂ ಇಲ್ಲದೆ.

"ಇದು ಎಡವಾಲಾ?" ಎಂದು ಕೇಳಿದಳು.

ಎಂಜಿನಿಯರ್ ಪರದೆಗೆ ಬಗ್ಗಿ ನೋಡಿದ. "ತಲೆ ಎತ್ತ ಇದೆ? ಬಲಕ್ಕೆ. ಆದರೆ ಅದರ ಬಲವೋ, ನಮ್ಮ ಬಲವೋ?"

"ಗೆರೆಗೆ ಬಲಗೈ ಇರುತ್ತಾ?"

"ಎದುರಿಗೆ ನಿಂತ ಮನುಷ್ಯನ ಬಲ ನಮಗೆ ಎಡ ಅಲ್ವಾ ಮೇಡಂ?"

ಅವಳು ಎದ್ದು ನಿಂತು ಬಲಕ್ಕೆ ವಾಲಿದಳು. ಅವನು ಎದುರಿಗೆ ನಿಂತು ಬಲಕ್ಕೆ ವಾಲಿದ. ಇಬ್ಬರೂ ಒಬ್ಬರಿಗೊಬ್ಬರು ವಿರುದ್ಧ ದಿಕ್ಕಿನಲ್ಲಿ ನಿಂತಿದ್ದರು. ಅಷ್ಟೊತ್ತಿಗೆ ಮೇಷ್ಟ್ರು ಬಂದು ಇಬ್ಬರನ್ನೂ ನೋಡಿ, "ಮಧ್ಯಾಹ್ನವೇ ಶುರುವಾಯ್ತಾ?" ಎಂದು ಕೇಳಿ ಮುಂದೆ ಹೋದರು.

ಅವಳಿಗೆ ತೀರ ಗಲಿಬಿಲಿಯಾಯಿತು. ಪೆನ್ಸಿಲ್ ಹಿಡಿದು ಒಂದು ಗೆರೆ ಎಳೆದಳು, ಅದನ್ನೇ ನೋಡಿದಳು. ನೋಡುತ್ತ ನೋಡುತ್ತ ಎಡ ಬಲಗಳೇ ಅರ್ಥ ಕಳೆದುಕೊಂಡವು, ಒಂದೇ ಪದವನ್ನು ಸುಮ್ಮನೆ ಹೇಳುತ್ತ ಹೋದರೆ ಆಗುವ ಹಾಗೆ. ನಾನು ಕಣ್ಣಾರೆ ನೋಡಿ ಹೇಳಿದ್ದು. ಸುಳ್ಳು ಹೇಗಾದೀತು?

"ಆ ಹಾಳೆಗಳು ಎಲ್ಲಿ?" ಎಂದು ಕೇಳಿದಳು.

ಡ್ರಾಯರಿನ ತಳದಲ್ಲಿದ್ದವು. ಎಂಜಿನಿಯರ್ ಅವತ್ತಿನ ಹಾಗೆಯೇ ಗಾಜಿನಾಚೆ ನಿಂತು, ಒಂದನ್ನು ಎತ್ತಿ ಹಿಡಿದ. ಯಾವುದು ಹಿಡಿದಿದ್ದೇನೆಂದು ತನಗೆ ಗೊತ್ತಿರಬೇಕಲ್ಲ, ಅದಕ್ಕೆ ಬರೆದ ಮುಖ ಅವನ ಕಡೆಗೇ ಇತ್ತು. ರಟ್ಟುಗಳ ಎರಡೂ ಮುಖದಲ್ಲಿ ಬರೆದಿದ್ದ. ಹಾಳೆಗೆ ಒಂದೇ ಮುಖ. ಹಿಂದಿನ ದೀಪದ ಬೆಳಕು ತೆಳ್ಳನೆಯ ಕಾಗದವನ್ನು ತೂರಿ ಬಂದು, ಗೆರೆ ಇವಳಿಗೆ ಸ್ಪಷ್ಟವಾಗಿ, ಅಚ್ಚುಕಟ್ಟಾಗಿ, ತಿರುವುಮುರುವಾಗಿ ಕಂಡಿತು.

ಗಾಜಿನ ಆಚೆ ಅವನ ತುಟಿ ಅಲುಗಿತು. ಸದ್ದು ಬರಲಿಲ್ಲವಾದರೂ ಏನೆಂದನೋ ಅವಳಿಗೆ ತಿಳಿಯಿತು.

"ಅದಲುಬದಲು ಮಾಡೋದು ನಿಮಿಷದ ಕೆಲಸ" ಎಂದ ಒಳಗೆ ಬಂದು. "ನಾನೇ ಮೇಲಿನವರಿಗೂ ಹೇಳ್ತೀನಿ, ಹಾಳೆ ಹಿಡಿದವನು ನಾನು. ನೀವು ಸುಮ್ನೆ ಇರಿ." ಹೊಸ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿದ. ಅವನದೇ ಕಿಟಕಿಯ ಪ್ರೋಗ್ರಾಮನ್ನೂ ಜೊತೆಗೆ ಹಾಕಿ, "ತಾತನ ಮನೆ ಇದರಲ್ಲೇ ನೋಡಿ" ಎಂದ. ಅವಳು ತಾತ ಎಂದು ಹೇಳಿರಲಿಲ್ಲ.

*

ಬಸ್ಸಿನಲ್ಲಿ ಅವಳಿಗೆ ಹೊಸ ಚಿಂತೆ ಹತ್ತಿತು. ಹೇಳದೆ ಬದಲಾಯಿಸಿದರೆ ನಿನ್ನೆ ಎಡ ಎಂದ ದನಿ ಇವತ್ತು ಬಲ ಎನ್ನುತ್ತದೆ. ಮಾವನಿಗೆ ಉಳಿದಿರುವ ಚೂರು ಧೈರ್ಯವೂ ಹೋಗುತ್ತದೆ. ಹೇಳಿದರೆ, ಒಂದು ತಿಂಗಳು ರಾತ್ರಿ ರಾತ್ರಿ ಅವರನ್ನು ಮರುಳು ಮಾಡಿದ್ದು ನನ್ನ ಬಾಯಿ ಎಂದು ಒಪ್ಪಿಕೊಳ್ಳಬೇಕು. ಇಳಿಯುವ ನಿಲ್ದಾಣ ಬರುವಷ್ಟರಲ್ಲಿ ಹೇಳುವುದೆಂದು ನಿಶ್ಚಯವಾಯಿತು. ಮನೆ ಬಾಗಿಲಲ್ಲಿ ನಿಶ್ಚಯ ಸ್ವಲ್ಪ ಸಡಿಲವಾಯಿತು. ಕೋಣೆಯಲ್ಲಿ ಮಾವ ಹಾಸಿಗೆಯ ಮೇಲೆ ಚೀಲ ತೆರೆದಿಟ್ಟುಕೊಂಡು, ಅಂಗಿಗಳ ಕಾಲರನ್ನು ಬೆರಳಿನಲ್ಲಿ ಹುಡುಕಿ ಹುಡುಕಿ ಮಡಿಸುತ್ತಿದ್ದುದನ್ನು ನೋಡಿದ ಮೇಲೆ ಹೇಳಿಬಿಟ್ಟಳು. ಗಾಜು, ತೆಳ್ಳನೆಯ ಹಾಳೆ, ಹಿಂದಿನ ದೀಪ, ಎಲ್ಲವನ್ನೂ.

ಮಾವ ಅಂಗಿ ಹಿಡಿದುಕೊಂಡೇ ಕೇಳಿದರು. "ಅಂದ್ರೆ ನನ್ನ ಬೆರಳು ಸುಳ್ಳು ಹೇಳಿರಲಿಲ್ಲ."

"ಇಲ್ಲ ಮಾವ."

"ನಿನ್ನ ದನಿ?"

"ಅದು ಕಂಡಿದ್ದನ್ನೇ ಹೇಳಿತು. ಕಂಡಿದ್ದೇ ತಿರುವುಮುರುವು."

"ನೋಡಮ್ಮ, ಇಬ್ಬರೂ ಸತ್ಯವಂತರೇ. ಆದ್ರೂ ಛಾವಣಿ ಬಿತ್ತು." ನಕ್ಕರು. ಬಹಳ ದಿನಗಳ ನಂತರ ನಕ್ಕದ್ದು, ಹಲ್ಲು ಸೆಟ್ಟು ಜಾರುವಷ್ಟು.

"ನನ್ನನ್ನ ಒಂದು ಮಾತು ಕೇಳಬಹುದಿತ್ತು ಮಾವ."

"ಹ್ಯಾಗೆ ಕೇಳಲಿ? ನೀನು ಅಳೆದು ಸುರಿದು ಮಾತಾಡೋಳು. ನಿನ್ನ ದನೀನೂ ನನ್ನ ಬೆರಳೂ ಜಗಳ ಆಡಿದರೆ, ಬೆರಳಿಗೇ ವಯಸ್ಸಾಗಿದೆ ಅಂದ್ಕೊಂಡೆ." ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ನಮ್ಮ ಟೈಪ್‌ರೈಟರಲ್ಲಿ ಓರೆ ಗೆರೆ ಒಂದೇ ಇದ್ದದ್ದು. ಬಲಕ್ಕೆ ವಾಲಿದ್ದು. ಇನ್ನೊಂದು ಇರಲೇ ಇಲ್ಲ. ಶಾಲೆ ಮುಗಿದ ಮೇಲೆ ಮಗಳಿಗೆ ಮನೆ ಹೊಡೆದು ಕೊಡ್ತಿದ್ದೆ. ಯಾವಾಗಲೂ ಛಾವಣಿ ಒಂದೇ ಕಡೆ. ಆ ಕಡೆ ಚುಕ್ಕಿ ಇಟ್ಟು ಸಾಗಹಾಕ್ತಿದ್ದೆ. ಅವಳು ಕೇಳೋಳು, ಅಪ್ಪ, ಆ ಕಡೆ ಮಲಗಿದೋರು ನೆನೆಯಲ್ವಾ ಅಂತ."

"ಅತ್ತಿಗೆನಾ?"

"ಮತ್ತ್ಯಾರು. ಆಗಲೇ ಹೆಡ್‌ಮಿಸ್ಸೇ." ಅವರಿಗೂ ಆ ಹೆಸರು ಗೊತ್ತಿತ್ತು. "ಈ ಮಣೆಯಲ್ಲಿ ಎರಡೂ ಇದೆ ಅಂತ ಗೊತ್ತಾದಾಗ, ಹೋಗೋ ಮುಂಚೆ ಆ ಕಡೇನೂ ಹೊದಿಸಿಬಿಡೋಣ ಅನ್ನಿಸ್ತು. ಇವತ್ತು ರಾತ್ರಿ ಛಾವಣಿ ಬಿಚ್ಚಿ ಮತ್ತೆ ಹಾಕ್ತೀನಿ. ನಾಳೆ ಅವಳಿಗೆ ಕೊಡ್ತೀನಿ. ಕೊಟ್ಟು, ಬರಲ್ಲ ಅಂತೀನಿ."

ಚೀಲದಿಂದ ಅಂಗಿಗಳು ಒಂದೊಂದಾಗಿ ಹೊರಗೆ ಬಂದವು. ಅವಳು ಯಂತ್ರಕ್ಕೆ ಹೊಸ ಫೈಲುಗಳನ್ನು ತುಂಬಿಸಿ, ಎರಡೂ ಕೀ ಒತ್ತಿ ಕೇಳಿಸಿದಳು. ಬಲವಾಲು. ಎಡವಾಲು. "ಈಗ ಸರಿ" ಎಂದರು ಮಾವ. ಆ ರಾತ್ರಿ ಸದ್ದು ಬರಲಿಲ್ಲ. ತನ್ನ ನಿದ್ದೆ ಕೆಡಬಾರದೆಂದು ಅವರು ದನಿಯನ್ನೇ ಆರಿಸಿರಬೇಕು ಅಂದುಕೊಂಡಳು. ಆದರೂ ನಿದ್ದೆ ಬರಲಿಲ್ಲ.

*

ಬೆಳಿಗ್ಗೆ ಮಾವ ಸ್ನಾನಕ್ಕೆ ಹೋಗುತ್ತ, "ಎಲ್ಲ ಆಯ್ತು, ಚೆನ್ನಾಗಿರೋ ಕಾಗದದಲ್ಲಿ ತೆಗಿ" ಎಂದರು. ದನಿಯಲ್ಲಿ ಸಣ್ಣ ಹುಡುಗನ ಸಂಭ್ರಮವಿತ್ತು.

ಅವಳು ಎಂಜಿನಿಯರನ ಕಿಟಕಿಯಲ್ಲಿ ಫೈಲನ್ನು ತೆರೆದಳು. ಗೋಡೆ ನೆಟ್ಟಗಿತ್ತು. ದೀಪ ಉರಿಯುತ್ತಿತ್ತು. ಹೊಗೆಗೆ ಇನ್ನೊಂದು ಅಲೆ ಸೇರಿತ್ತು.

ಛಾವಣಿ ಲಾಳಿಕೆಯ ಹಾಗೆ ಬಾಯಿ ಬಿಟ್ಟುಕೊಂಡೇ ಇತ್ತು.

ಹಳೆಯ ಫೈಲು ತೆರೆದೆನೇನೋ ಎಂದು ಮತ್ತೆ ತೆರೆದಳು. ಹಳೆಯದಲ್ಲ, ಹೊಸ ಅಲೆ ಅಲ್ಲೇ ಇತ್ತು. ದನಿ ಬದಲಾಗಿಲ್ಲವೇನೋ ಎಂದು ಕೀ ಒತ್ತಿದಳು. "ಬಲವಾಲು" ಎಂದಿತು, ಪರದೆಯ ಮೇಲೆ / ಬಂತು. ಸರಿಯಾಗಿದೆ. ದನಿ ಆರಿರಲೂ ಇಲ್ಲ, ಸಣ್ಣಗೆ ಇಟ್ಟಿದ್ದರಷ್ಟೆ. ಹಾಗಾದರೆ ಕೇಳಿಸಿಕೊಂಡೇ ಹಾಕಿದರೇ? ಇಲ್ಲ ಒಂದು ತಿಂಗಳು ತಿರುವುಮುರುವಾಗಿ ಕಲಿತ ಬೆರಳು, ಒಂದು ಸಂಜೆಯ ಮಾತಿಗೆ ಕಲಿತದ್ದನ್ನು ಬಿಡಲಿಲ್ಲವೇ? ಅಥವಾ ನಿನ್ನೆ ನಾನು ಹೇಳಿದ್ದೇ ಅವರಿಗೆ ನೆನಪಿಲ್ಲವೇ? ಕಲಿತದ್ದು ಮರೆಯದಿರುವುದೂ, ಹೇಳಿದ್ದು ಮರೆತಿರುವುದೂ ಹಾಳೆಯ ಮೇಲೆ ಒಂದೇ ಥರ ಕಾಣುತ್ತಿತ್ತು.

ಗೇಟಿನ ಸದ್ದಾಯಿತು. ಅತ್ತಿಗೆ ಯಾವಾಗಲೂ ಗೇಟನ್ನು ಎರಡು ಸಲ ತಳ್ಳುತ್ತಾರೆ. "ಅಪ್ಪ ರೆಡಿನಾ?" ಎಂದು ಅಂಗಳದಿಂದಲೇ ಕೇಳಿದರು. ಗಂಡ, "ಬಾ ಅಕ್ಕ, ಮೊದಲು ಕಾಫಿ ಕುಡಿ" ಎನ್ನುತ್ತಿದ್ದ.

ಅವಳು ಯಾರ ಬರವಣಿಗೆಯಲ್ಲೂ ಒಂದು ಚುಕ್ಕಿ ಕೂಡ ಕೇಳದೆ ಬದಲಿಸಿದವಳಲ್ಲ. ಆದರೆ ಈಗ ಬೆರಳು ಅವಳನ್ನು ಕೇಳಲಿಲ್ಲ. ಎಡಬದಿಯ ಗೆರೆಯನ್ನು ಅಳಿಸಿ, ಬಲವಾಲು; ಬಲಬದಿಯದನ್ನು ಅಳಿಸಿ, ಎಡವಾಲು. ಮುಂದಿನ ಸಾಲು. ಅದರ ಮುಂದಿನದು. ಜಾಗ ಸರಿಸಿ, ತುದಿ ಕೂಡಿಸಿದಳು. ಪ್ರತಿ ಸಲವೂ ಅವಳ ದನಿ ಅವಳಿಗೇ ಸಣ್ಣಗೆ ಹೆಸರು ಹೇಳುತ್ತಿತ್ತು, ಪಿಸುಮಾತಿನಲ್ಲಿ ಸಾಕ್ಷಿ ನುಡಿಯುವವರ ಹಾಗೆ. ದನಿಯನ್ನು ಆರಿಸಲು ಹೊಳೆಯಲಿಲ್ಲ.

ಪ್ರಿಂಟರ್ ಹಾಳೆಯನ್ನು ಉಗುಳುವಾಗ ಮಾವ ಒದ್ದೆ ತಲೆಯಲ್ಲಿ ಬಂದು, ಕೈ ಚಾಚಿ ನಿಂತರು. ಅವಳು ಕೊಟ್ಟಳು. ಅವರು ಅದನ್ನು ಹಿಡಿದು ಗೋಡೆ ಸವರುತ್ತ ಹಜಾರಕ್ಕೆ ಹೋದರು.

"ಚೀಲ ಎಲ್ಲಪ್ಪ?" ಎಂದರು ಅತ್ತಿಗೆ.

"ಚೀಲ ಇರ್ಲಿ. ಇದನ್ನ ನೋಡು. ತಲೆಕೆಳಗಾಗಿ ಹಿಡಿದಿಲ್ಲ ತಾನೇ ನಾನು?"

ಅತ್ತಿಗೆ ಹಾಳೆ ಇಸಿದುಕೊಂಡರು. ಕಿಟಕಿಯ ಜಾಲರಿಯ ಮೇಲೆ ಬೆರಳಿಟ್ಟರು. ಮೆಟ್ಟಿಲನ್ನು ಮುಟ್ಟಿದರು. ಆಮೇಲೆ ಬೆರಳು ಛಾವಣಿಯ ಈ ಕಡೆಯಿಂದ ಹತ್ತಿ, ತುದಿಯಲ್ಲಿ ನಿಂತು, ಆ ಕಡೆ ನಿಧಾನವಾಗಿ ಇಳಿಯಿತು.

"ಆ ಕಡೆನೂ ಹೊದಿಸಿದ್ಯಾ ಅಪ್ಪ?"

"ನೆನೀತಾರೆ ಅಂತಿದ್ಯಲ್ಲ."

ಅತ್ತಿಗೆ ಕುರ್ಚಿಯಲ್ಲಿ ಕೂತರು. ತಮ್ಮನಿಗೆ ಕಾಣದಂತೆ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡರು. ಆಮೇಲೆ, "ಏನೋ, ಕಾಫಿ ಅಂದೆ" ಎಂದು ತಮ್ಮನನ್ನು ಗದರಿಸಿದರು. "ಲೋಟದಲ್ಲಿ ಕೊಡ್ತೀಯ, ಅಥವಾ ಅದಕ್ಕೂ ಇನ್ನೊಂದು ಭಾನುವಾರ ಬರಬೇಕಾ?"

ಹೊರಡುವಾಗ ಅಡಿಗೆಮನೆಗೆ ಬಂದು ನಲ್ಲಿ ತಿರುಗಿಸದೆಯೇ ಹೇಳಿದರು: "ಇಷ್ಟು ನೆನಪಿರೋನನ್ನ ನಾನು ಅರಳುಮರಳು ಅಂದೆನಲ್ಲೇ. ಇಲ್ಲೇ ಇರ್ಲಿ ಬಿಡು. ಇಷ್ಟು ಚೊಕ್ಕಟವಾಗಿ ಹೊಡೆಯೋ ತಲೆಗೆ ಏನಾಗಿದೆ?"

ಸೊಸೆ ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಮನೆ ಸುಮ್ಮನಾದ ಮೇಲೆ ಮಾವ ಬಾಗಿಲಿಗೆ ಬಂದು ನಿಂತರು. "ಏನಮ್ಮ, ನೀನು ನೋಡಿದ್ಯಲ್ಲ. ನೀರು ಎರಡು ಕಡೆಗೂ ಹರಿಯುತ್ತಾ?"

"ಹರಿಯುತ್ತೆ ಮಾವ."

ಅವರು ತಲೆಯಾಡಿಸಿದರು. ತೃಪ್ತಿಯೋ, ಮತ್ತೇನೋ, ಕಣ್ಣು ಕಾಣದವರ ಮುಖದಲ್ಲಿ ಎಷ್ಟು ಓದಬಹುದೆಂದು ಅವಳಿಗೆ ಎಂದೂ ಗೊತ್ತಾಗಿರಲಿಲ್ಲ. "ನಾಳೆಯಿಂದ ಬಾವಿ ತೋಡ್ತೀನಿ" ಎಂದು ಹೇಳಿ, ಗೋಡೆ ಸವರುತ್ತ ತಮ್ಮ ಕೋಣೆಗೆ ಹೋದರು.

ಅವಳು ಕೈ ಒರೆಸಿಕೊಂಡಳು. ಗಂಡನಿಗೆ ಹೇಳಿದರೆ ಅವನು ಅಕ್ಕನಿಗೆ ಹೇಳುತ್ತಾನೆ. ಅತ್ತಿಗೆಗೆ ಹೇಳಿದರೆ ಮತ್ತೆ ಚೀಲ. ಎಂಜಿನಿಯರಿಗೆ ಹೇಳಿದರೆ ಬೇರೆ ಕಾರಣ ಹುಡುಕಿಕೊಡುತ್ತಾನೆ. ಆ ಕಾರಣ ನಿಜವೇ ಇರಬಹುದು, ಇಲ್ಲದೆಯೂ ಇರಬಹುದು. ಬಾವಿ ಮೂಡಿ ಬರಲಿ, ನೋಡೋಣ. ದುಂಡಗೆ ಬಂದರೆ ಛಾವಣಿ ಕೆಟ್ಟದ್ದು ಬೆರಳಿನ ಹಟಕ್ಕೆ, ಮರೆವಿಗಲ್ಲ. ಬರದಿದ್ದರೆ ಆಗ ಯೋಚಿಸಬೇಕು, ಯಾರಿಗೆ ಹೇಳಬೇಕೋ ಅವರಿಗೆ ಹೇಳಬೇಕು. ಅಲ್ಲಿಯತನಕ ರಾತ್ರಿ ಒಂದು ಕಿವಿ ಆ ಕೋಣೆಯ ಕಡೆ ಇಟ್ಟುಕೊಂಡೇ ಮಲಗುವುದು. ಆದರೆ ಈ ಬೆಳಿಗ್ಗೆ ಛಾವಣಿ ತಿರುಗಿದ್ದು ಯಾರ ಕೈಯಿಂದ ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು. ಗಂಡನಿಗಲ್ಲ, ಅತ್ತಿಗೆಗಲ್ಲ. ಮಾವನಿಗಂತೂ ಅಲ್ಲ.